ಚೌಕಾಸಿ ಮಾಡದೆ ಕೊರೆದ ಕ್ರ್ಯಾಂಕ್

ಮದ್ದೂರಿನಲ್ಲಿ ನನ್ನದೊಂದು ಕಬ್ಬಿಣ ಕಡೆಯುವ ಲೇತ್ ಅಂಗಡಿ. ಚೌಕಾಸಿಯಿಂದಲೇ ಕಟ್ಟಿದ ಅಂಗಡಿ ಎಂದರೂ ಸರಿಯೆ. ಯಾರೇ ಏನೇ ಕೇಳಲಿ, ಅರ್ಧಕ್ಕೆ ಇಳಿಸಿ ಮಾತು ಶುರು ಮಾಡಿ ಎಂದು ಹೊಸದಾಗಿ ಅಂಗಡಿ ಇಡುವವರಿಗೆಲ್ಲ ಬುದ್ಧಿ ಹೇಳುತ್ತಿದ್ದೆ. ಈಗಲೂ ಹೇಳುತ್ತೇನೆ, ಆದರೆ ನಾಲಗೆ ಸ್ವಲ್ಪ ತಡೆಯುತ್ತದೆ.

ಮಳವಳ್ಳಿಯಲ್ಲಿ ಗ್ಯಾರೇಜು ಇಟ್ಟಿರುವ ಗೆಳೆಯ ಕಳೆದ ಬೇಸಿಗೆಯಲ್ಲಿ ತನ್ನ ಹಳೇ ಕಾರಿನ ಕ್ರ್ಯಾಂಕ್ ಶಾಫ್ಟನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬಂದ. ಮರುವಾರದ ಭಾನುವಾರ ಮಂಡ್ಯದ ಹತ್ತಿರ ಮಣ್ಣುಹಾದಿಯಲ್ಲಿ ಕಾರು ಪಂದ್ಯ. ಐವತ್ತು ದಾಟಿದವನಿಗೆ ಒಮ್ಮೆಯಾದರೂ ಅದರಲ್ಲಿ ಓಡಿಸುವ ಆಸೆ. ಕ್ರ್ಯಾಂಕ್ ಎಂದರೆ ಎಂಜಿನ್ನಿನೊಳಗೆ ಪಿಸ್ಟನ್ನುಗಳ ಏರಿಳಿತದಿಂದ ಗಿರಗಿರ ತಿರುಗುವ ದಂಡ. ಹಗುರಾದರೆ ಎಂಜಿನ್ನು ಬೇಗ ವೇಗ ಹಿಡಿಯುತ್ತದೆ, ತೀರಾ ಹಗುರಾದರೆ ತೂಕದ ಸಮ ತಪ್ಪಿ ನಡುಗುತ್ತದೆ. ಅದರ ದಪ್ಪ ದಿಮ್ಮಿಗಳನ್ನು ಎಲ್ಲಿ ತೆಳುವಾಗಿಸಬೇಕು, ಎಲ್ಲಿ ಅಂಚು ಇಳಿಸಬೇಕು ಎಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಹೊಸ ಆಕಾರ ಬರೆದ.

“ಎರಡು ಕೆಜಿ ಇಳೀಬೇಕು ಕಣ್ಲಾ.”

ಬೆಳಗಿನಿಂದ ಗಿರಾಕಿಗಳೊಡನೆ ವಾದಿಸಿ ಗಂಟಲು ಒಣಗಿತ್ತು. “ಆಯ್ತು ಬುಡು,” ಎಂದೆ. ಅವನು ಒಂದು ಗಳಿಗೆ ನನ್ನ ಮುಖವನ್ನೇ ನೋಡಿ ಹೊರಟ.

ಕೊರೆಯುವಾಗ, ಒಂದು ಕೆಜಿ ದಾಟಿದ ಮೇಲೆ ಕೈ ಅನುಮಾನಿಸಿತು. ಫೋನು ಮಾಡಬಹುದಿತ್ತು. ಮಾಡಲಿಲ್ಲ. ಪಕ್ಕದ ಮಾಂಸದಂಗಡಿಯ ತಕ್ಕಡಿಯಲ್ಲಿ ತೂಗಿದೆ. ಸರಿಯಾಗಿ ಎರಡು ಇಳಿದಿತ್ತು. ಅವನು ಬಂದು ಒಯ್ದ.

ಪಂದ್ಯದ ಹಿಂದಿನ ಗುರುವಾರ ಅದೇ ಗೋಣಿಚೀಲ ಹೊತ್ತು ಅವನು ವಾಪಸ್ಸು ಬಂದ.

“ಸ್ಟಾರ್ಟ್ ಮಾಡುದ್ರೆ ಇಡೀ ಗಾಡಿ ಚಳಿಜ್ವರ ಬಂದೋರಂಗೆ ನಡುಗ್ತದೆ. ಅಲ್ಲ ಕಣ್ಲಾ, ನಾನು ಎರಡು ಅಂದ್ರೆ ನೀನು ಒಂದು ಅನ್ಬೇಕು ತಾನೆ? ನಂಗೆ ಬೇಕಾಗಿದ್ದೇ ಒಂದು!”

“ಒಂದು ಅಂತ್ಲೇ ಕೇಳಾಕೆ ನಿಂಗೇನ್ಲಾ ದಾಡಿ ಬಂದಿತ್ತು?”

“ಒಂದು ಅಂದಿದ್ರೆ ನೀನು ಅರ್ಧ ಅಂತಿದ್ದೆ. ಇಪ್ಪತ್ತು ವರ್ಸದಿಂದ ನಿನ್ನ ಕಂಡಿಲ್ವಾ? ಅವತ್ತು ಒಂದೇ ಮಾತ್ಗೆ ಒಪ್ಕಂಡೆ. ಲೆಕ್ಕ ಹಾಕೇ ಒಪ್ಪವ್ನೆ ಬುಡು ಅನ್ಕಂಡೆ.”

ಕೊರೆದ ಕಬ್ಬಿಣ ಇನ್ನೂ ಲೇತಿನ ಕೆಳಗೆ ಪುಡಿಯಾಗಿ ಬಿದ್ದಿತ್ತು. ಮತ್ತೆ ಅಂಟಿಸುವಂಥದ್ದಲ್ಲ. ಆ ಕಾರಿಗೆ ಹೊಸ ಕ್ರ್ಯಾಂಕ್ ಈಗ ಎಲ್ಲೂ ಸಿಗುವುದಿಲ್ಲ. ಇಬ್ಬರೂ ಆ ಪುಡಿಯ ಪಕ್ಕದಲ್ಲೇ ಕೂತೆವು.

“ಗುಜರಿಲಿ ಹಳೇದೊಂದು ಹುಡುಕ್ಕೊಡ್ತೀನಿ,” ಎಂದೆ. “ಒಂದು ತಿಂಗ್ಳು ಟೈಮು ಕೊಡು.”

ಪಂದ್ಯಕ್ಕೆ ಮೂರೇ ದಿನ ಉಳಿದಿತ್ತು. ತಿಂಗಳನ್ನು ಎರಡು ದಿನಕ್ಕೆ ಇಳಿಸು ಎಂದು ಅವನು ಜಗಳ ತೆಗೆಯಲಿ ಅಂತ ಕಾದೆ.

“ಆಯ್ತು ಬುಡು,” ಎಂದು ಎದ್ದು ಮಳವಳ್ಳಿ ಬಸ್ಸಿಗೆ ಹೋದ. ಕ್ರ್ಯಾಂಕ್ ಸುತ್ತಿದ್ದ ಗೋಣಿಚೀಲವನ್ನು ಅಲ್ಲೇ ಬಿಟ್ಟಿದ್ದ.