ಬಾಯಲ್ಲಿ ನೀರು, ಕೈಯಲ್ಲಿ ಬೆಂಕಿ

ಬೆಳಗಿನ ಐದೂವರೆ. ಸತುವಿನಕ್ಕ ಒಂದು ಲೋಟ ನೀರೆತ್ತಿ ಬಾಯಿ ತುಂಬಿಕೊಳ್ಳುತ್ತಾರೆ, ನುಂಗುವುದಿಲ್ಲ. ಆಮೇಲೆ ಗ್ಯಾಸ್ ಟಾರ್ಚ್ ಹಚ್ಚುತ್ತಾರೆ. ಮುಂದೆ ಪ್ಲಾಸ್ಟರಿನ ಹಾಸಿನ ಮೇಲೆ ಎಪ್ಪತ್ತು ವರ್ಷ ಹಳೆಯ ಕಾರಿನ ಹಿಂಬದಿ ದೀಪದ ಸುತ್ತಲೂ ಕೂರುವ ಲೋಹದ ಬಳೆ ಮೂರು ತುಂಡಾಗಿ ಮಲಗಿದೆ. ಇನ್ನರ್ಧ ಗಂಟೆ ಯಾರು ಏನು ಕೇಳಿದರೂ ಅವರಿಂದ ಉತ್ತರವಿಲ್ಲ. ಉತ್ತರ ಕೊಡಬಾರದೆಂದೇ ಆ ನೀರು.

"ನಮ್ಮನೇಲಿ ಶಾಂತಿ ಇರೋದು ಈ ಅರ್ಧ ಗಂಟೆ ಮಾತ್ರ," ಎಂದು ಬಾಗಿಲಲ್ಲಿ ನಿಂತ ಅಕ್ಕನ ಗಂಡ, ಈ ಕೆಲಸ ನೋಡಲೆಂದು ಬಂದ ನನ್ನ ಕಿವಿಯಲ್ಲಿ ಹೇಳುತ್ತಾರೆ. ಅಕ್ಕ ತಿರುಗುವುದಿಲ್ಲ. ಆಮೇಲೆ ವಿಚಾರಿಸಿಕೊಳ್ಳುತ್ತಾರೆಂಬುದು ಮಾತ್ರ ಬೆನ್ನು ನೋಡಿದರೇ ಗೊತ್ತಾಗುತ್ತದೆ.

ಹಳೆ ಕಾರುಗಳ ಹಿಡಿಕೆ, ಲಾಂಛನ, ದೀಪದ ಬಳೆಗಳನ್ನೆಲ್ಲ ಸತು ಬೆರೆತ ಲೋಹ ಕರಗಿಸಿ ಅಚ್ಚಿಗೆ ಹೊಯ್ದು ಮಾಡುತ್ತಿದ್ದರು. ಮೇಲೆ ಕ್ರೋಮ್ ಥಳಥಳ, ಒಳಗೆ ಹುಳುಕು. ಕಬ್ಬಿಣ ಕಾದರೆ ಕೆಂಪಾಗಿ ಎಚ್ಚರಿಸುತ್ತದೆ. ಇದಕ್ಕೆ ಆ ಸೌಜನ್ಯವಿಲ್ಲ. ಬಣ್ಣ ಬದಲಿಸದೆ, ಇದ್ದಕ್ಕಿದ್ದಂತೆ ಕುಸಿದು ಗುಪ್ಪೆಯಾಗುತ್ತದೆ. ಜ್ವಾಲೆ ಒಂದೇ ಕಡೆ ಮೂರು ಎಣಿಸುವಷ್ಟು ನಿಂತರೆ ಕೆಲಸ ಮುಗಿದಂತೆ.

ಈ ಲೋಹದ ಕೆಲಸದಿಂದಲೇ ಊರಿಗೆಲ್ಲ ಸತುವಿನಕ್ಕ ಆದ ಇವರಿಗೆ ಈಗ ಐವತ್ತೆಂಟು. ಅಪ್ಪನದು ನಲ್ಲಿಗಳಿಗೆ ಕ್ರೋಮ್ ಹಿಡಿಸುವ ಅಂಗಡಿ. ಗಂಡ ಗ್ಯಾರೇಜಿನಲ್ಲಿ ತಗಡು ಬಡಿಯುವವರು. "ಇವರು ಕಾರಿಂದ ಬಿಚ್ಚಿ ಗುಜರಿಗೆ ಎಸೀತಿದ್ದನ್ನ ನಾನು ಹೆಕ್ಕಿ ತಂದೆ. ತವರಿನ ವಿದ್ಯೆ, ಗಂಡನ ಮನೆ ಕಸ," ಎಂದು ಒಮ್ಮೆ ನಗುತ್ತಾ ಹೇಳಿದ್ದರು. ಒಂದು ತುಂಡು ರಿಪೇರಿಗೆ ಮೂರು ವಾರ ಹಿಡಿಯುತ್ತದೆ. ಹಳೆ ಕ್ರೋಮ್ ತೆಗೆದು, ಹುಳುಕು ಕೊರೆದು, ತಾಮ್ರದ ಲೇಪ ಕೊಟ್ಟು, ಬೆಸುಗೆ ತುಂಬಿ, ಅರದಿಂದ ಉಜ್ಜಬೇಕು. ಈ ಬಳೆಯಲ್ಲೇ ನಲವತ್ತೇಳು ಗುಳಿಗಳಿದ್ದವು. ಕ್ರೋಮ್ ತೆಗೆಯುವ ಆಸಿಡ್ಡಿನ ಹೊಗೆಗೆ ಅವರ ಗಂಟಲು ಯಾವಾಗಲೂ ಕರಕರ, ಎಡ ಮುಂಗೈಯಲ್ಲಿ ಸುಟ್ಟ ಕಲೆಗಳು.

ಕಾರಿನ ಒಡೆಯರು ಈ ಊರಿನ ಹಲ್ಲಿನ ಡಾಕ್ಟರು. ಹನ್ನೊಂದು ವರ್ಷದ ಹಿಂದೆ ಇದೇ ಕಾರಿನ ಇದೇ ಥರದ ಬಳೆ ತಂದಿದ್ದರು. ಅಕ್ಕ ಜ್ವಾಲೆ ಹಿಡಿದಿದ್ದಾಗ, "ಇನ್ನೆಷ್ಟು ಹೊತ್ತಮ್ಮಾ?" ಎಂದು ಕೇಳಿದರು. ಅಕ್ಕ ತಲೆಯೆತ್ತಿ, "ಆಯ್ತು ಡಾಕ್ಟ್ರೇ," ಎಂದರು. ಆಗಿಯೇ ಹೋಗಿತ್ತು, ಬಳೆ ಕರಗಿ ಬೆಂಚಿನಿಂದ ತೊಟ್ಟಿಕ್ಕುತ್ತಿತ್ತು. "ಅವ್ರು ಕೇಳಿದ್ದು ತಪ್ಪಲ್ಲ. ನಾನು ಬಾಯಿ ಬಿಟ್ಟಿದ್ದು ತಪ್ಪು," ಎನ್ನುತ್ತಾರೆ ಅಕ್ಕ. ಬಾಯಿಗೆ ನೀರು ತುಂಬಿಕೊಳ್ಳುವ ಪದ್ಧತಿ ಶುರುವಾದದ್ದು ಅಂದಿನಿಂದ.

ಅಂದಿನಿಂದ ಒಂದೇ ಬಳೆಯಲ್ಲಿ ಓಡುತ್ತಿದ್ದ ಆ ಕಾರಿಗೆ ಡಾಕ್ಟರು ಊರೂರು ಹುಡುಕಿ, ಕೊನೆಗೆ ಈ ಮುರುಕನ್ನು ಸಂಪಾದಿಸಿದ್ದಾರೆ. ಇದೂ ಹೋದರೆ ಮತ್ತೊಂದಿಲ್ಲ. ಆದರೂ ಅಕ್ಕನ ಹತ್ತಿರವೇ ಏಕೆ? ಹೊರಗೆ ಗೇಟಿನ ಬಳಿ ಕೈಕಟ್ಟಿ ನಿಂತಿರುವ ಅವರನ್ನೇ ಕೇಳುತ್ತೇನೆ. "ಒಂದ್ಸಲ ಕೈ ಸುಟ್ಕೊಂಡೋರೇ ಬೆಂಕಿ ಹತ್ರ ಹುಷಾರಾಗಿರ್ತಾರೆ," ಎನ್ನುತ್ತಾರೆ.

ಒಳಗೆ ಕೊನೆಯ ಬಿರುಕು. ಜ್ವಾಲೆ ಅತ್ತಿತ್ತ ಆಡುತ್ತಿದೆ. ಬೆಸುಗೆ ಹರಿದು ಸಂದಿಗೆ ಇಳಿಯುತ್ತದೆ. ಟಾರ್ಚ್ ಆರುತ್ತದೆ. ಅಕ್ಕ ಅಲ್ಲಾಡದೆ ಕೂತು, ಲೋಹ ಆರುವತನಕ ಕಾದು, ಬಳೆಯನ್ನು ಎತ್ತಿ ಉಗುರಿನಿಂದ ತಟ್ಟುತ್ತಾರೆ. ಠಣ್ ಎನ್ನುತ್ತದೆ. ಬಿರುಕಿದ್ದರೆ ಬದ್ ಎಂದು ಮಂಕಾಗಿ ಸದ್ದಾಗಬೇಕಿತ್ತು. ಅಕ್ಕ ಬಾಯಲ್ಲಿನ ನೀರನ್ನು ಹೊರಗೆ ಉಗಿಯುತ್ತಾರೆ.

ಒಳಗೆ ಬಂದ ಡಾಕ್ಟರು ಬಳೆಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಾರೆ. "ಈ ಸಲ ನಾನು ತುಟಿ ಪಿಟಕ್ ಅನ್ಲಿಲ್ಲಮ್ಮ," ಎನ್ನುವಾಗ ಅವರ ಕಣ್ಣು ತುಂಬಿದೆ. ಇನ್ನು ಉಜ್ಜುವುದು, ಕ್ರೋಮ್ ಹಿಡಿಸುವುದು ಸಲೀಸಿನ ಕೆಲಸ.

ಅವರು ಹೋದ ಮೇಲೆ, ನಿಮಗೇನಾದರೂ ಆಸೆ ಇದೆಯೇ ಎಂದು ಅಕ್ಕನನ್ನು ಕೇಳುತ್ತೇನೆ. ದೊಡ್ಡ ಅಂಗಡಿ, ಸನ್ಮಾನ, ಏನಾದರೂ.

ಅಕ್ಕ ಎಡಗೆನ್ನೆ ಒತ್ತಿಕೊಳ್ಳುತ್ತಾರೆ. "ಈ ದವಡೆ ಹಲ್ಲು ಮೂರು ವರ್ಷದಿಂದ ನೋಯ್ತಿದೆ. ಊರಲ್ಲಿರೋ ಹಲ್ಲಿನ ಡಾಕ್ಟ್ರು ಅವ್ರೊಬ್ರೇ. ಯಾವ ಮುಖ ಇಟ್ಕೊಂಡು ಹೋಗ್ಲಿ ಅಂತಿದ್ದೆ. ನಾಳೆ ಹೋಗ್ತೀನಿ."