ಬೀಗರ ಊಟಕ್ಕೆ ಜಾಗ

ತಂಗಿಯ ಮದುವೆ ಛತ್ರದಲ್ಲಿ, ಬೀಗರ ಊಟ ಮಾತ್ರ ಕುದೂರಿನ ಹತ್ತಿರದ ನಮ್ಮ ಮಾವಿನ ತೋಟದಲ್ಲಿ ಎಂದು ತೀರ್ಮಾನವಾದಾಗ, ಶಾಮಿಯಾನ ಎಲ್ಲಿ ಹಾಕಿಸುವುದು ಎಂಬ ಪ್ರಶ್ನೆ ಎದ್ದಿತು. ತೋಟದ ಮರಗಳು ಹಗ್ಗ ಹಿಡಿದು ನೆಟ್ಟ ನೇರ ಸಾಲುಗಳು. ನಡುನಡುವೆ ಒಣಗಿಹೋದ ಮರಗಳ ಜಾಗ ಖಾಲಿ ಬಿದ್ದಿತ್ತು. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಚೌಕ ಎಲ್ಲಿದೆ?

ಕಾಲೇಜಿನಲ್ಲಿ ಕಲಿತ ಲೆಕ್ಕವೊಂದು ನೆನಪಾಯಿತು. ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಹಾಗೆ ಮನೆಗಳನ್ನು ಗೀಚಿ, ಮರವಿರುವ ಮನೆಗೆಲ್ಲ ಒಂದೊಂದು ಹುಣಸೆಬೀಜ ಇಟ್ಟೆ. ಬೀಜವಿದ್ದ ಮನೆಗೆ ಸೊನ್ನೆ. ಮೇಲಿನ ಅಂಚಿನ, ಎಡ ಅಂಚಿನ ಖಾಲಿ ಮನೆಗೆ ಒಂದು. ಉಳಿದ ಖಾಲಿ ಮನೆಗಳಿಗೆ, ಎಡಕ್ಕೆ, ಮೇಲಕ್ಕೆ, ಮೇಲಿನ ಎಡಮೂಲೆಗೆ ಇರುವ ಸಂಖ್ಯೆಗಳಲ್ಲಿ ಚಿಕ್ಕದನ್ನು ಹಿಡಿದು ಅದಕ್ಕೆ ಒಂದು ಕೂಡಿಸಬೇಕು. ಕೊನೆಗೆ ಕಾಣುವ ಅತಿ ದೊಡ್ಡ ಸಂಖ್ಯೆಯೇ ಖಾಲಿ ಚೌಕದ ಅಗಲ. ನಮಗೆ ಸಿಕ್ಕಿದ್ದು ಎರಡು.

"ಎರಡು ಮನೆ ಯಾವ ಮೂಲೆಗಾದದವ್ವಾ?" ದೊಡ್ಡಪ್ಪ ನಕ್ಕರು. "ಬೀಗರೇನು ಕೋಳಿಗೂಡಲ್ಲಿ ಕುಂತ್ಕಂಡು ಮುದ್ದೆ ಮುರೀಬೇಕಾ?"

ಒಂದೇ ಒಂದು ಬೀಜ ತೆಗೆದರೆ ಮೂರಾಗುತ್ತಿತ್ತು. ಅದು ಅಮ್ಮನ ಹುಳಿಮರ, ಹುಳಿಮಾವು. ಅದರ ಹಣ್ಣು ಯಾರಿಗೂ ಬೇಡ. ಆದರೆ ಉಪ್ಪಿನಕಾಯಿಗೆ ಅಮ್ಮ ಬೇರೆ ಮರದ ಕಾಯಿ ಮುಟ್ಟುತ್ತಿರಲಿಲ್ಲ. ಆ ಬೀಜ ಎತ್ತಿದ್ದು ದೊಡ್ಡಪ್ಪ ಎಂದು ನನ್ನ ನೆನಪು. ನಾನೇ ಎಂದು ತಂಗಿ ಹೇಳುತ್ತಾಳೆ. ನನಗೆ ಅನುಕೂಲವಾದ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಅಮ್ಮ ಹೇಳಿದ್ದರ ಬಗ್ಗೆ ಮಾತ್ರ ಇಬ್ಬರಿಗೂ ಅನುಮಾನವಿಲ್ಲ.

"ಕಡಿಸ್ಬುಡಿ ಭಾವ. ಹುಳಿಮರ ತಾನೆ."

ಊಟದ ದಿನ ಶಾಮಿಯಾನದ ಕೆಳಗೆ ಕಾದ ಬಟ್ಟೆಯ ಧಗೆ. ಎಲೆ ಹಾಕುವ ಮೊದಲೇ ಗಂಡಿನ ಸೋದರಮಾವ ಎದ್ದು ನಿಂತರು. "ಇಲ್ಲೇ ಕುಂತ್ರೆ ಮಟನ್ ಜೊತೆ ನಾವೂ ಬೇಯ್ತೀವಿ ಕಣ್ರಲಾ! ಟೇಬ್ಲು ಎತ್ರಿ, ನೆಳ್ಳಿಗ್ ನಡೀರಿ!"

ಬೀಗರೇ ಟೇಬಲ್ಲು ಕುರ್ಚಿಗಳನ್ನು ಮರದ ಸಾಲುಗಳ ನಡುವೆ ಎಳೆದುಕೊಂಡು ಹೋದರು. ಬೀಗರ ಊಟಕ್ಕೆ ಬೇಕಾದದ್ದು ಉದ್ದ. ಎದುರುಬದುರು ಎರಡು ಪಂಕ್ತಿ, ನಡುವೆ ಬಡಿಸುವವರು ಓಡಾಡಲು ದಾರಿ, ಕೂತವರ ಬೆನ್ನಿಗೆ ಮುಂದಿನ ಪಂಕ್ತಿಯವರು ಕಾಯುತ್ತ ನಿಲ್ಲುವಷ್ಟು ಜಾಗ. ಅಷ್ಟು ಜಾಗ ಯಾವ ಎರಡು ಸಾಲಿನ ನಡುವೆಯೂ ಇತ್ತು. ಚಿಕ್ಕಂದಿನಿಂದ ಅಂಥ ಪಂಕ್ತಿಗಳಲ್ಲೇ ಉಂಡ ನಾವ್ಯಾರೂ ಚೌಕ ಏಕೆ ಬೇಕೆಂದು ಕೇಳಿರಲಿಲ್ಲ. ಶಾಮಿಯಾನದಲ್ಲಿ ಮಿಕ್ಕ ಕೆಲವು ಖಾಲಿ ಕುರ್ಚಿಗಳಷ್ಟೇ ಉಳಿದವು. ಅಮ್ಮ ನೆರಳಿನಲ್ಲಿ ನಗುನಗುತ್ತಲೇ ಬಡಿಸುತ್ತಿದ್ದಳು, ಅಥವಾ ಹಾಗೆಂದು ನಾನು ಅಂದುಕೊಂಡಿದ್ದೇನೆ.

ಮುಂದಿನ ಬೇಸಿಗೆಯಲ್ಲಿ ಅವಳು ಉಪ್ಪಿನಕಾಯಿಗೆಂದು ಮಾಗಡಿಯಿಂದ ಕಾಯಿ ತಂದು, ಒಂದನ್ನು ಕಚ್ಚಿ ನೋಡಿ, ಚೀಲವನ್ನು ಹಾಗೇ ಪಕ್ಕಕ್ಕಿಟ್ಟಳು. ನರ್ಸರಿಯಿಂದ ಹುಳಿಕಾಯಿಯ ಸಸಿ ತರೋಣವೇ ಎಂದೆ.

"ಆ ಮರದ ಕಡ್ಡೀನೇ ಬೇಕಾಗಿತ್ತು. ಕಡಿಯಕ್ ಮುಂಚೆ ಒಂದ್ ಕಡ್ಡಿ ತಗಂಡು ಕಸಿ ಕಟ್ಟಿದ್ರೆ ಆಗೋದು."

ನಮ್ಮ ಮನೆಯಲ್ಲಿ ಕಸಿ ಕಟ್ಟಲು ಬಾರದವಳು ನಾನೊಬ್ಬಳೇ. "ಅವತ್ತು ಯಾರ್ಗೂ ಹೊಳೀಲಿಲ್ವಾ?" ಎಂದೆ.

"ನಂಗೆ ಹೊಳ್ದಿತ್ತು," ಎಂದಳು ಅಮ್ಮ. "ಮರ ಕಡಿಯೋರು ಕೊಡ್ಲಿ ಹಿಡ್ಕಂಡು ನಿಂತಿದ್ರು. ಮಗಳ ಮದ್ವೇಲಿ ಮರಕ್ಕೆ ಒಸಿ ತಡೀರಿ ಅನ್ನಕ್ಕೆ ಬಾಯಿ ಬರ್ಲಿಲ್ಲ. ನೀನಾದ್ರೂ ಕೇಳ್ತೀಯ ಅನ್ಕಂಡೆ, ಕಡಿಸ್ಲೇಬೇಕೇನವ್ವಾ ಅಂತ."