ಕೆಂಪು ದೀಪ ಮತ್ತು ಭಾಗ್ಯಾ ಅವರ ವಹಿ

ಬೈಲಹೊಂಗಲದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಗ್ಯಾರೇಜಿನ ಬಾಗಿಲಿಗೆ ನೀರು ಚಿಮುಕಿಸಿ, ಗೋಡೆಯ ದೇವರಿಗೆ ಊದುಬತ್ತಿ ಬೆಳಗಿ, ಭಾಗ್ಯಾ ಕಾರಿನೊಳಗೆ ಕೂತು ಸ್ಟೇರಿಂಗ್ ಕೆಳಗೆ ಕೇಬಲ್ ಜೋಡಿಸುತ್ತಾರೆ. ತೊಡೆಯ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ನೂರು ಪುಟದ ವಹಿ. ಇದು 2008, ನಾಳೆ ಖಂಡೇನವಮಿ, ಆಯುಧಪೂಜೆಯ ದಿನ.

ಕಾರು ಸುರೇಬಾನದ ಬೆಲ್ಲದ ವ್ಯಾಪಾರಿ ದುಂಡಪ್ಪನವರದು. ಓಡತೊಡಗಿದ ಕೂಡಲೇ ಬಾಗಿಲುಗಳು ತಾವೇ ಲಾಕ್ ಆಗಬೇಕು, ಅಷ್ಟೇ ಅವರ ಬೇಡಿಕೆ. ಅವರೂ ಹೆಂಡತಿ ಸುಂದರವ್ವನೂ ಹೊರಗೆ ಕಟ್ಟೆಯ ಮೇಲೆ ಕೂತಿದ್ದಾರೆ. ನಾಳೆ ಕಾರಿನ ಪೂಜೆ ಮುಗಿಸಿ ಸಿರಸಂಗಿಯ ಕಾಳಿಕಾದೇವಿಗೆ ಹೋಗುವವರು.

ಈಗಿನ ಕಾರಿನೊಳಗೆ ಪುಟ್ಟ ಪುಟ್ಟ ಕಂಪ್ಯೂಟರುಗಳಿವೆ. ಯಾವುದು ಏನು ಮಾಡಬೇಕು, ಏನು ಬೇಡ ಎಂಬುದು ಅಂಕಿಗಳಲ್ಲಿ ಬರೆದಿರುತ್ತದೆ, ಅದೇ ಕೋಡಿಂಗ್. ಬದಲಿಸುವ ಮುಂಚೆ ಭಾಗ್ಯಾ ಎಲ್ಲ ಅಂಕಿಗಳನ್ನು ವಹಿಗೆ ಇಳಿಸುತ್ತಾರೆ, ಬದಲಿಸಿದ ಮೇಲೆ ಮತ್ತೆ ಓದಿ ತಾಳೆ ನೋಡುತ್ತಾರೆ. ದಿನಕ್ಕೆ ಮೂರೋ ನಾಲ್ಕೋ ಕಾರು. ಪಿಯುಸಿ ಓದಿದವರು, ಡಿಕ್ಷನರಿ ಇಟ್ಟುಕೊಂಡು ವರ್ಷವಿಡೀ ಈ ಇಂಗ್ಲಿಷ್ ಪರದೆಯ ಜೊತೆ ಗುದ್ದಾಡಿದ್ದಾರೆ. ಬೋರ್ಡಿನ ಮೇಲಿರುವುದು ಗಂಡ ಸದಾಶಿವರ ಹೆಸರು.

“ಬಂದವ್ರೆಲ್ಲಾ ‘ಮೇಸ್ತ್ರಿ ಎಲ್ಲದಾರವಾ?’ ಅಂತನ ಕೇಳ್ತಾರ್ರಿ,” ಎಂದು ಭಾಗ್ಯಾ ನಗುತ್ತಾರೆ.

ನಗು ಅಲ್ಲಿಗೇ ನಿಲ್ಲುತ್ತದೆ. ಏರ್‌ಬ್ಯಾಗಿನ ಅಂಕಿಯ ಮೇಲೆ ಬೆರಳು ನಿಂತಿದೆ. ಶ್ರಾವಣದಲ್ಲಿ ಇದೇ ಕಾರಿಗೆ ವಹಿಯಲ್ಲಿ ಬರೆದದ್ದು ಬೇರೆ.

“ಕಾಕಾ, ಇದನ್ನ ಯಾರು ಮುಟ್ಟ್ಯಾರ್ರಿ? ಎಡಗಡೆ ಸೀಟಿಗೆ ಏರ್‌ಬ್ಯಾಗೇ ಇಲ್ಲಂತ ಬರದಾರ!”

“ಸ್ಟೇರಿಂಗ್ ಮುಂದ ಏರ್‌ಬ್ಯಾಗಿನ ಕೆಂಪು ದೀಪ ಒಂದ ಸವನ ಉರೀತಿತ್ತವಾ,” ಎನ್ನುತ್ತಾರೆ ದುಂಡಪ್ಪನವರು. “ ಅದರ ಮುಂದ ಆರತಿ ಬೆಳಗೂದ ಹೆಂಗ? ಮೊನ್ನಿ ಹಾದ್ಯಾಗ ಒಬ್ಬಾಂವ ಐದ ನಿಮಿಷದಾಗ ಆರಿಸಿ ಕೊಟ್ಟ.”

“ಬರೇ ದೀಪ ಆರಿಲ್ಲರಿ. ಗಾಡಿ ಎಲ್ಲರೆ ಬಡದ್ರ, ಕಾಕು ಕುಂತಲ್ಲಿ ಚೀಲ ಉಬ್ಬೂದಿಲ್ಲ.”

ದುಂಡಪ್ಪನವರ ಬಾಯಲ್ಲಿ ಎಲೆಅಡಿಕೆ ಹಾಗೇ ಉಳಿಯುತ್ತದೆ. ಸುಂದರವ್ವ ಎದೆಯ ಮೇಲೆ ಕೈ ಇಟ್ಟು ಏಳುತ್ತಾರೆ. “ಶಿವನ! ಮೊನ್ನಿಯಿಂದ ಮೂರ ಸಲ ರಾಮದುರ್ಗಕ್ಕ ಅದ ಸೀಟಿನ್ಯಾಗ ಹೋಗಿ ಬಂದೇನಿ! ಗಾಡಿಗೆ ಆರತಿ ಎತ್ತಾವ್ರು, ನನ್ನ ಜೀವದ ಖಬರ ಐತೇನ್ರಿ ನಿಮಗ?”

ದುಂಡಪ್ಪನವರು ಎಲೆಅಡಿಕೆ ಉಗುಳಿ ಬಂದು ಕಾರಿನ ಎಡಬಾಗಿಲು ತೆರೆಯುತ್ತಾರೆ.

ಗ್ಯಾರೇಜಿನ ಒಳಗಿನಿಂದ ಬಂದ ಸದಾಶಿವ ಬ್ಯಾಟರಿ ಬಿಚ್ಚಿ ಎಡಗಡೆ ಸೀಟಿನ ಕೆಳಗೆ ಇಣುಕುತ್ತಾರೆ. ಅಲ್ಲಿ ತುರುಕಿದ ಬೆಲ್ಲದ ಡಬ್ಬಿ ಏರ್‌ಬ್ಯಾಗಿನ ಹಳದಿ ಪ್ಲಗ್ಗನ್ನು ಸಡಿಲಿಸಿದೆ. ಇಷ್ಟನ್ನೇ ದೀಪ ಹೇಳುತ್ತಿತ್ತು. ಪ್ಲಗ್ಗು ಬಿಗಿಯಾಗುತ್ತದೆ, ಬ್ಯಾಟರಿ ಜೋಡಣೆಯಾಗುತ್ತದೆ. ಭಾಗ್ಯಾ ವಹಿ ನೋಡಿ ಹಳೆಯ ಅಂಕಿ ಹಾಕುತ್ತಾರೆ, ಮತ್ತೆ ಓದುತ್ತಾರೆ, ಕೀಲಿ ತಿರುಗಿಸುತ್ತಾರೆ. ಕೆಂಪು ದೀಪ ಹತ್ತುತ್ತದೆ. ನಾಲ್ಕೆಣಿಸುವಷ್ಟರಲ್ಲಿ ಅದು ತಾನೇ ಆರುತ್ತದೆ, ಏರ್‌ಬ್ಯಾಗು ಸರಿಯಿದೆ ಎಂದರ್ಥ.

ಸುಂದರವ್ವ ಕೈ ಮುಗಿಯುತ್ತಾರೆ. ದೇವರಿಗೋ, ಭಾಗ್ಯಾ ಅವರಿಗೋ, ತಿಳಿಯುವುದಿಲ್ಲ.

“ನಾಳೆ ನಮ್ಮ ಮನಿಯವ್ರು ಪಾನಾ, ಜ್ಯಾಕು, ಲ್ಯಾಪ್‌ಟಾಪು ಎಲ್ಲಾ ಪೂಜಿಗೆ ಇಡ್ತಾರ್ರಿ,” ಎನ್ನುತ್ತಾ ಭಾಗ್ಯಾ ವಹಿ ಮುಚ್ಚುತ್ತಾರೆ. “ಈ ಸಲ ಈ ವಹಿಗೂ ಒಂದ ಬಟ್ಟು ಕುಂಕುಮ ಹಚ್ಚಬೇಕಂತ ಆಸೆ ಐತಿ.”